ಉಪಾಧ್ಯಕ್ಷರು ಇದ್ದಾರೆ, ಅಧ್ಯಕ್ಷರೆಲ್ಲಿ? ಚರ್ಚ್ ಪಾಲನಾ ಮಂಡಳಿ ಕೆಲಸ ಮಾಡುವ ಬಗೆ

ಮಂಗಳೂರು, ಉಡುಪಿ ಕಡೆಯ ಪತ್ರಿಕೆ ಓದುವವರಿಗೆ ಒಂದು ಸಾಲು ಬಾಯಿಪಾಠ ಆಗಿರುತ್ತದೆ. ಚರ್ಚ್‌ನಲ್ಲಿ ಹಬ್ಬ ನಡೆಯಲಿ, ರಕ್ತದಾನ ಶಿಬಿರ ನಡೆಯಲಿ, ವರದಿಯ ಕೊನೆಗೆ ಅದು ಇದ್ದೇ ಇರುತ್ತದೆ: ಚರ್ಚ್ ಪಾಲನಾ ಮಂಡಳಿಯ ಉಪಾಧ್ಯಕ್ಷರು, ಕಾರ್ಯದರ್ಶಿ, ಆಯೋಗಗಳ ಸಂಯೋಜಕರು ಉಪಸ್ಥಿತರಿದ್ದರು. ಎಷ್ಟು ವರದಿ ಓದಿದರೂ ಪಾಲನಾ ಮಂಡಳಿಯ 'ಅಧ್ಯಕ್ಷರು' ಮಾತ್ರ ಎಲ್ಲೂ ಸಿಗುವುದಿಲ್ಲ. ಯಾಕೆ?

ಅಧ್ಯಕ್ಷರು ಅಲ್ಲೇ ಇರುತ್ತಾರೆ. ಅದೇ ವರದಿಯ ಮೊದಲ ಸಾಲಿನಲ್ಲಿ 'ಚರ್ಚ್‌ನ ಧರ್ಮಗುರುಗಳು' ಎಂದು ಬರೆದಿರುತ್ತದಲ್ಲ, ಅವರೇ. ಮಂಡಳಿಗೆ ಜನರನ್ನು ಆರಿಸಿ ತರಬಹುದು, ಆದರೆ ಅಧ್ಯಕ್ಷರ ಕುರ್ಚಿ ಮಾತ್ರ ಯಾವಾಗಲೂ ಫಾದರ್‌ದೇ. ಹಾಗಾದರೆ ಮಂಡಳಿ ಇರುವುದು ಸುಮ್ನೆ ತಲೆ ಆಡಿಸುವುದಕ್ಕಾ? ಈ ಪ್ರಶ್ನೆ ಈಗ ರೋಮ್‌ನಲ್ಲೇ ಚರ್ಚೆಗೆ ಬಂದಿದೆ. 2024ರ ಅಕ್ಟೋಬರ್‌ನಲ್ಲಿ ಮುಗಿದ ಬಿಷಪ್‌ಗಳ ಸಿನೊಡ್ (ಪೋಪ್‌ಗೆ ಸಲಹೆ ಕೊಡಲು ಸೇರುವ ದೊಡ್ಡ ಸಭೆ), ಇಂಥ ಮಂಡಳಿಗಳು ಎಲ್ಲ ಕಡೆ ಕಡ್ಡಾಯವಾಗಿ ಇರಬೇಕು ಎಂದು ಹೇಳಿತು. ಆ ವಿಷಯಕ್ಕೆ ಆಮೇಲೆ ಬರೋಣ.

ಮೊದಲು ನಾಲ್ಕು ಪದ

ಕಥೋಲಿಕ ಕ್ರೈಸ್ತರ ವ್ಯವಸ್ಥೆಯಲ್ಲಿ ಕೆಳಗಿನ ಘಟಕ ಧರ್ಮಕೇಂದ್ರ. ಒಂದು ಚರ್ಚ್, ಅದರ ಸುತ್ತಲಿನ ಊರುಗಳು, ಅಲ್ಲಿನ ಕುಟುಂಬಗಳು, ಅವರನ್ನು ನೋಡಿಕೊಳ್ಳುವ ಒಬ್ಬ ಧರ್ಮಗುರು, ಎಲ್ಲ ಸೇರಿದರೆ ಧರ್ಮಕೇಂದ್ರ. ಧರ್ಮಸಭೆಯ, ಅಂದರೆ ಇಡೀ ಕಥೋಲಿಕ ಚರ್ಚ್‌ನ, ಕಾನೂನು ಕೂಡ ಅದನ್ನು ಕಟ್ಟಡ ಎಂದು ಕರೆಯುವುದಿಲ್ಲ, ವಿಶ್ವಾಸಿಗಳ ಸಮುದಾಯ ಎನ್ನುತ್ತದೆ.

ಹಲವು ಧರ್ಮಕೇಂದ್ರಗಳು ಸೇರಿದರೆ ಧರ್ಮಪ್ರಾಂತ್ಯ. ಅದರ ಮುಖ್ಯಸ್ಥರು ಬಿಷಪ್. ಮಂಗಳೂರು ಒಂದು ಧರ್ಮಪ್ರಾಂತ್ಯ. ಅದರಿಂದ ಬೇರೆಯಾಗಿ 2012ರಲ್ಲಿ ಹುಟ್ಟಿದ್ದು ಉಡುಪಿ. ಬೆಂಗಳೂರು ಮಹಾಧರ್ಮಪ್ರಾಂತ್ಯ, ಅಂದರೆ ಆರ್ಚ್‌ಬಿಷಪ್ ಇರುವಂಥದ್ದು.

ಶ್ರೀಸಾಮಾನ್ಯರು ಎಂದರೆ ಗುರುದೀಕ್ಷೆ ಪಡೆಯದ ವಿಶ್ವಾಸಿಗಳು. ಬ್ಯಾಂಕ್ ಉದ್ಯೋಗಿ, ಬೀಡಿ ಕಟ್ಟುವವರು, ಅಡಿಕೆ ತೋಟದವರು, ಕುವೈತ್‌ನಿಂದ ರಜೆಗೆ ಬಂದವರು, ಎಲ್ಲರೂ.

ಇನ್ನು 'ಪಾಲನಾ'. ಇದರ ಹಿಂದೆ ಕುರುಬನ ಚಿತ್ರ ಇದೆ. ಮಂದೆಯನ್ನು ಮೇಯಿಸುವುದು, ಕಾಯುವುದು, ತಪ್ಪಿಸಿಕೊಂಡದ್ದನ್ನು ಹುಡುಕುವುದು. ಹಾಗಾಗಿ ಪಾಲನಾ ಮಂಡಳಿಯ ಮುಖ್ಯ ಕೆಲಸ ಕಟ್ಟಡ ರಿಪೇರಿ ಅಲ್ಲ. ಊರಿನ ವಿಶ್ವಾಸಿಗಳ ಬದುಕು ಹೇಗಿದೆ, ಚರ್ಚ್ ಏನು ಮಾಡಬೇಕು ಎಂದು ಯೋಚಿಸುವುದು. ವಾಸ್ತವದಲ್ಲಿ ಸಭೆಯ ಅರ್ಧ ಹೊತ್ತು ಪಾರ್ಕಿಂಗ್ ಮತ್ತು ಮೈಕ್‌ಸೆಟ್ಟಿನಲ್ಲೇ ಕಳೆದುಹೋಗುತ್ತದೆ, ಅದು ಬೇರೆ ಮಾತು.

ಮೊಕ್ತೇಸರರ ಹಾಗಲ್ಲ, ಜಮಾತ್ ಹಾಗೂ ಅಲ್ಲ

ಕರಾವಳಿಯಲ್ಲಿ ಬೆಳೆದವರಿಗೆ ದೇವಸ್ಥಾನದ ಮೊಕ್ತೇಸರರು ಗೊತ್ತು, ಮಸೀದಿಯ ಜಮಾತ್ ಕಮಿಟಿ ಗೊತ್ತು. ಪಾಲನಾ ಮಂಡಳಿಯೂ ಅದೇ ಥರ ಎಂದುಕೊಳ್ಳುವುದು ಸಹಜ. ಅಲ್ಲೇ ಎಡವುವುದು.

ಬಹಳಷ್ಟು ಮಸೀದಿಗಳಲ್ಲಿ ಪ್ರವಚನ ಕೊಡುವ ಖತೀಬರನ್ನು ಗೊತ್ತು ಮಾಡುವುದು ಕಮಿಟಿ. ದೇವಸ್ಥಾನದಲ್ಲಿ ಪೂಜೆ ಅರ್ಚಕರದ್ದು, ಆಡಳಿತ ಮೊಕ್ತೇಸರರದ್ದು. ಅಂದರೆ ಕಚೇರಿಯ ಬೀಗದ ಕೈ ಇರುವುದು ಊರಿನ ಪ್ರಮುಖರ ಹತ್ತಿರ.

ಕಥೋಲಿಕ ಚರ್ಚ್‌ನಲ್ಲಿ ಪೂಜೆಯೂ ಆಡಳಿತವೂ ಒಬ್ಬರದ್ದೇ. ಧರ್ಮಗುರುವನ್ನು ನೇಮಿಸುವವರು ಬಿಷಪ್, ವರ್ಗ ಮಾಡುವವರೂ ಬಿಷಪ್. ಮಂಡಳಿ ಫಾದರ್‌ರನ್ನು ಕೆಲಸಕ್ಕೆ ಇಟ್ಟುಕೊಳ್ಳುವುದಿಲ್ಲ, ಕೆಲಸದಿಂದ ತೆಗೆಯುವುದೂ ಇಲ್ಲ. ಬೇಸರ ಇದ್ದರೆ ಬಿಷಪ್‌ಗೆ ಪತ್ರ ಬರೆಯಬಹುದು, ಅಷ್ಟೇ. ಧರ್ಮಸಭೆಯ ಕಾನೂನಿನ ಕಣ್ಣಲ್ಲಿ ಧರ್ಮಕೇಂದ್ರದ ಪರವಾಗಿ ನಿಲ್ಲುವವರೂ ಫಾದರ್. ಸರ್ಕಾರಿ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಜೊತೆ ಹೋಲಿಸಿದರೂ ಒಂದು ಎಳೆ ತಪ್ಪುತ್ತದೆ. ಅಲ್ಲಿ ಅಧ್ಯಕ್ಷರು ಮಕ್ಕಳ ಪೋಷಕರಲ್ಲಿ ಒಬ್ಬರು. ಇಲ್ಲಿ ಮುಖ್ಯೋಪಾಧ್ಯಾಯರೇ ಅಧ್ಯಕ್ಷರಾದ ಹಾಗೆ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಬಿಡೋಣ. ಕಥೊಲಿಕ್ ಸಭಾ, ಯುವಜನರ ಐಸಿವೈಎಂ, ಸ್ತ್ರೀ ಸಂಘಟನೆ, ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ ಇವೆಲ್ಲ ಶ್ರೀಸಾಮಾನ್ಯರ ಸಂಘಗಳು. ಅವುಗಳ ಪ್ರತಿನಿಧಿಗಳು ಪಾಲನಾ ಮಂಡಳಿಯಲ್ಲಿ ಕೂರುತ್ತಾರೆ. ಆದರೆ ಅವು ಮಂಡಳಿ ಅಲ್ಲ.

ಗುರಿಕಾರನಿಂದ ಶುರು

ಮಂಡಳಿ ಮೇಲಿಂದ ಇಳಿದು ಬಂದದ್ದಲ್ಲ, ಕನಿಷ್ಠ ಕರಾವಳಿಯಲ್ಲಂತೂ ಪೂರ್ತಿ ಅಲ್ಲ. ಅದರ ಕೆಳಗೆ ಒಂದು ಹಳೆಯ ಅಡಿಪಾಯ ಇದೆ.

ಪ್ರತಿ ಧರ್ಮಕೇಂದ್ರವನ್ನು ವಾರ್ಡ್‌ಗಳಾಗಿ ಹಂಚಿರುತ್ತಾರೆ. ಕೊಂಕಣಿಯಲ್ಲಿ ವಾಡೊ. ಅಕ್ಕಪಕ್ಕದ ಒಂದಷ್ಟು ಮನೆಗಳು, ಸಾಮಾನ್ಯವಾಗಿ ಒಬ್ಬ ಸಂತರ ಹೆಸರು. ಪ್ರತಿ ವಾರ್ಡ್‌ಗೂ ಒಬ್ಬ ಗುರ್ಕಾರ್, ಅಂದರೆ ಗುರಿಕಾರ. ಈ ಪದ ಕ್ರೈಸ್ತರದ್ದು ಮಾತ್ರ ಅಲ್ಲ ಎನ್ನುವುದು ನನಗೆ ಯಾವಾಗಲೂ ಖುಷಿ ಕೊಡುವ ವಿಷಯ. ತುಳುನಾಡಿನ ಹಲವು ಸಮುದಾಯಗಳಲ್ಲಿ ಕೂಡುಕಟ್ಟಿನ ಹಿರಿಯನಿಗೆ ಗುರಿಕಾರ ಎಂದೇ ಹೆಸರು. ಗೋವಾದಿಂದ ಬಂದು ನೆಲೆಸಿದ ಕೊಂಕಣಿ ಕ್ರೈಸ್ತರೂ ಈ ನೆಲದ ಪದವನ್ನೇ ತಮ್ಮದಾಗಿಸಿಕೊಂಡರು.

ಮನೆಯಲ್ಲಿ ಸಾವಾದರೆ ಚರ್ಚ್‌ಗೆ ಸುದ್ದಿ ಮುಟ್ಟಿಸುವುದು, ಯಾರಾದರೂ ಹಾಸಿಗೆ ಹಿಡಿದಿದ್ದರೆ ಫಾದರ್‌ಗೆ ತಿಳಿಸುವುದು, ಬೇಲಿ ಜಗಳಕ್ಕೆ ಮಧ್ಯಸ್ತಿಕೆ, ವಂತಿಗೆಯ ನೆನಪು, ಇವೆಲ್ಲ ಗುರಿಕಾರರ ಪಾಲಿಗೆ ಬರುವ ಕೆಲಸಗಳು. ಈಗ ಗುರಿಕಾರರಲ್ಲಿ ಹೆಂಗಸರೂ ಇದ್ದಾರೆ. ವಾರ್ಡ್‌ನ ಮನೆಯವರೆಲ್ಲ ಸೇರಿ ಪ್ರಾರ್ಥಿಸುವ, ಬೈಬಲ್ ಓದುವ ಕೂಟಕ್ಕೆ ಕಿರು ಕ್ರೈಸ್ತ ಸಮುದಾಯ ಎನ್ನುತ್ತಾರೆ. ಮಂಡಳಿಗೆ ಹೋಗುವ ದಾರಿ ಇಲ್ಲಿಂದಲೇ: ವಾರ್ಡ್‌ನವರು ಗುರಿಕಾರ ಮತ್ತು ಪ್ರತಿನಿಧಿಗಳನ್ನು ಆರಿಸುತ್ತಾರೆ, ಅವರು ಮಂಡಳಿಗೆ ಬರುತ್ತಾರೆ. ಅವರ ಜೊತೆ ಸಂಘಗಳ ಪ್ರತಿನಿಧಿಗಳು, ಅಲ್ಲೇ ಕಾನ್ವೆಂಟ್ ಇದ್ದರೆ ಸಿಸ್ಟರ್‌ಗಳು, ಫಾದರ್ ನೇಮಿಸುವ ಕೆಲವರು. ಎಲ್ಲರೂ ಸೇರಿ ಉಪಾಧ್ಯಕ್ಷರನ್ನು, ಕಾರ್ಯದರ್ಶಿಯನ್ನು ಆರಿಸುತ್ತಾರೆ. ಅವಧಿ ಎರಡೋ ಮೂರೋ ವರ್ಷ. ನಿಯಮ ಬರೆಯುವವರು ಆಯಾ ಬಿಷಪ್ ಆದ್ದರಿಂದ ಬೆಂಗಳೂರಿನಲ್ಲಿ ಒಂದು ಕ್ರಮ, ಶಿವಮೊಗ್ಗದಲ್ಲಿ ಇನ್ನೊಂದು ಕ್ರಮ ಇರಬಹುದು.

ಆಯೋಗಗಳೆಂದರೆ ಕೆಲಸದ ಹಂಚಿಕೆ. ಬೈಬಲ್, ಪೂಜಾವಿಧಿ, ಧರ್ಮಶಿಕ್ಷಣ, ಕುಟುಂಬ, ಯುವಜನ, ಆರೋಗ್ಯ, ನ್ಯಾಯ ಮತ್ತು ಶಾಂತಿ, ಸಂವಾದ, ಸಂವಹನ, ಹೀಗೆ ಮಂಗಳೂರು ಕಡೆ ಸುಮಾರು ಇಪ್ಪತ್ತು. ಇಷ್ಟಕ್ಕೂ ಸಂಚಾಲಕರು ಬೇಕು, ಅವರನ್ನೆಲ್ಲ ಒಂದು ದಾರಕ್ಕೆ ಪೋಣಿಸಲು ಒಬ್ಬ ಸಂಯೋಜಕರು. ಸಣ್ಣ ಧರ್ಮಕೇಂದ್ರದಲ್ಲಿ ಒಬ್ಬರೇ ಮೂರು ಆಯೋಗ ಹೊತ್ತುಕೊಂಡಿರುತ್ತಾರೆ.

ತೆನೆಯ ಲೆಕ್ಕ

ಮಂಡಳಿ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಬೇಕಾದರೆ ಮೊಂತಿ ಫೆಸ್ತ್‌ಗಿಂತ ಒಳ್ಳೆಯ ಸಂದರ್ಭ ಇಲ್ಲ.

ಸೆಪ್ಟೆಂಬರ್ 8, ಮರಿಯಮ್ಮನ ಹುಟ್ಟುಹಬ್ಬ. ಕರಾವಳಿಯ ಕಥೋಲಿಕರಿಗೆ ಅದೇ ತೆನೆಹಬ್ಬ. ಮೊದಲಿನ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಮರಿಯಮ್ಮನಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ, ಮೆರವಣಿಗೆಯಲ್ಲಿ ಚರ್ಚ್‌ಗೆ ತಂದು, ಬಲಿಪೂಜೆ (ಮಾಸ್) ಆದ ಮೇಲೆ ಮನೆಗೊಂದರಂತೆ ಹಂಚುತ್ತಾರೆ. ಮಕ್ಕಳ ಕೈಗೆ ಕಬ್ಬು. ಮನೆಯಲ್ಲಿ ಆ ತೆನೆಯ ಅಕ್ಕಿಯನ್ನು ಪುಡಿ ಮಾಡಿ ಹಾಲಿಗೋ ಪಾಯಸಕ್ಕೋ ಸೇರಿಸಿ, ಎಲ್ಲರೂ ಒಟ್ಟಿಗೆ ಕೂತು ಹೊಸ ಅಕ್ಕಿ ಊಟ. ಆ ದಿನ ಮೀನು ಮಾಂಸ ಇಲ್ಲ.

ಇದರಲ್ಲಿ ಮಂಡಳಿಗೆ ಏನು ಕೆಲಸ? ಆಗಸ್ಟ್ ತಿಂಗಳ ಸಭೆಯನ್ನು ಊಹಿಸಿಕೊಳ್ಳಿ. ಧರ್ಮಕೇಂದ್ರದಲ್ಲಿ 400 ಮನೆ ಎಂದಿಟ್ಟುಕೊಳ್ಳೋಣ. 400 ತೆನೆ ಸಾಲದು. ಹಬ್ಬಕ್ಕೆ ಊರಿಗೆ ಬಂದ ನೆಂಟರು ಕೇಳುತ್ತಾರೆ, ವರ್ಷದ ಹಿಂದೆ ಬೇರೆ ಮನೆ ಮಾಡಿದ ಮಗ ಕೇಳುತ್ತಾನೆ, ಪಕ್ಕದ ಮನೆಯ ಹಿಂದೂ ಸ್ನೇಹಿತರಿಗೂ ಒಂದು ಬೇಕು. ಹಿಂದೆ ಯಾರಾದರೂ ತಮ್ಮ ಗದ್ದೆಯಿಂದಲೇ ಕೊಡುತ್ತಿದ್ದರು. ಈಗ ಆ ಗದ್ದೆಯಲ್ಲಿ ಅಡಿಕೆ ಎದ್ದಿದೆ, ಇಲ್ಲವೇ ಮನೆ ಎದ್ದಿದೆ. ತೆನೆ ಎಲ್ಲಿಂದ ತರುವುದು? ಕಬ್ಬಿನ ಖರ್ಚು ಯಾರದ್ದು? ಒಂಬತ್ತು ದಿನದಲ್ಲಿ ಯಾವ ದಿನ ಯಾವ ವಾರ್ಡ್? ಮಳೆ ಬಂದರೆ ಮೆರವಣಿಗೆ ಎಲ್ಲಿಂದ? ಪ್ರಾರ್ಥನೆ ಕೊಂಕಣಿಯಲ್ಲೋ, ಹೊಸದಾಗಿ ಊರಿಗೆ ಬಂದವರಿಗಾಗಿ ಒಂದು ಕನ್ನಡದ್ದೂ ಇರಲೋ?

ಇದರಲ್ಲಿ ಫಾದರ್ ಒಬ್ಬರಿಗೇ ಉತ್ತರ ಗೊತ್ತಿರುವ ಪ್ರಶ್ನೆ ಯಾವುದಿದೆ ಹೇಳಿ. ಬಹುಶಃ ಒಂದೂ ಇಲ್ಲ. ಅವರು ಎರಡು ವರ್ಷದ ಹಿಂದೆ ಬಂದವರು, ಇನ್ನು ಕೆಲವು ವರ್ಷಕ್ಕೆ ಹೋಗುವವರು. ಯಾರ ಮನೆಯಲ್ಲಿ ಈ ವರ್ಷ ಸಾವಾಗಿದೆ, ಯಾವ ಅಜ್ಜಿಗೆ ನಡೆಯಲು ಆಗುವುದಿಲ್ಲ, ಅವರ ಮನೆಗೆ ತೆನೆ ಮುಟ್ಟಿಸಬೇಕು ಎನ್ನುವುದು ಗುರಿಕಾರರಿಗೆ ಗೊತ್ತು. ಪಟ್ಟಿ ತಯಾರಾಗುವುದು ಅವರ ಬಾಯಿಂದ. ಹಬ್ಬದ ಪೂಜಾವಿಧಿಯನ್ನು ಮಾತ್ರ ಮಂಡಳಿ ಬದಲಾಯಿಸುವ ಹಾಗಿಲ್ಲ. ಬಲಿಪೂಜೆಯ ಕ್ರಮ, ಸಂಸ್ಕಾರಗಳ ನಿಯಮ, ಧರ್ಮದ ಬೋಧನೆ, ಇವು ಅದರ ಕೈಗೆ ಸಿಗುವ ವಿಷಯಗಳಲ್ಲ.

'ಸಲಹೆ ಮಾತ್ರ' ಎಂದರೆ ಏನು?

ಜಗತ್ತಿನ ಬಿಷಪ್‌ಗಳು ಸೇರಿ 1962ರಿಂದ 1965ರವರೆಗೆ ನಡೆಸಿದ ಎರಡನೇ ವ್ಯಾಟಿಕನ್ ಮಹಾಸಭೆ ಶ್ರೀಸಾಮಾನ್ಯರ ಸ್ಥಾನವನ್ನು ಹೊಸದಾಗಿ ಹೇಳಿತು. ಜ್ಞಾನಸ್ನಾನ ಪಡೆದ ಪ್ರತಿಯೊಬ್ಬರಿಗೂ ಧರ್ಮಸಭೆಯ ಕೆಲಸದಲ್ಲಿ ಪಾಲಿದೆ, ಚರ್ಚ್‌ಗೆ ಬಂದು ಮಂಡಿಯೂರಿ ಹೋಗುವುದಷ್ಟೇ ಅಲ್ಲ ಎಂದಿತು. ಶ್ರೀಸಾಮಾನ್ಯರ ಬಗ್ಗೆ 1965ರ ನವೆಂಬರ್‌ನಲ್ಲಿ ಬಂದ ಅದರ ದಾಖಲೆ, ಧರ್ಮಪ್ರಾಂತ್ಯದಲ್ಲಿ ಮಾತ್ರ ಅಲ್ಲ, ಆದಷ್ಟು ಧರ್ಮಕೇಂದ್ರದ ಮಟ್ಟದಲ್ಲೂ ಇಂಥ ಮಂಡಳಿಗಳು ಇರಲಿ ಎಂದು ಸೂಚಿಸಿತು.

ಆ ಸೂಚನೆ ಕಾನೂನಾಗಿದ್ದು 1983ರಲ್ಲಿ. ಆ ವರ್ಷ ಜಾರಿಗೆ ಬಂದ ಧರ್ಮಸಭೆಯ ಕಾನೂನು ಸಂಹಿತೆಯ 536ನೇ ಕಲಂ ಇದಕ್ಕೆ ಸಂಬಂಧಪಟ್ಟದ್ದು. ಅದು ಹೇಳುವುದು ಮೂರು ಮಾತು. ಬಿಷಪ್‌ಗೆ ಸರಿ ಎನ್ನಿಸಿದರೆ ಪ್ರತಿ ಧರ್ಮಕೇಂದ್ರದಲ್ಲಿ ಪಾಲನಾ ಮಂಡಳಿ ಇರಬೇಕು. ಅದರ ಅಧ್ಯಕ್ಷತೆ ಧರ್ಮಗುರುವಿನದ್ದು. ಅದಕ್ಕಿರುವುದು ಸಲಹೆಯ ಮತ ಮಾತ್ರ.

ಈ ಕೊನೆಯ ಮಾತೇ ಎಲ್ಲರ ಬಾಯಲ್ಲಿ ಓಡಾಡುವುದು. ಗ್ರಾಮ ಪಂಚಾಯಿತಿಯಲ್ಲಿ ಜಾಸ್ತಿ ಕೈ ಎತ್ತಿದ ಕಡೆ ನಿರ್ಣಯ ಆಗುತ್ತದೆ. ಅಧ್ಯಕ್ಷರಿಗೆ ಇಷ್ಟ ಇಲ್ಲದಿದ್ದರೂ ಆಗುತ್ತದೆ. ಪಾಲನಾ ಮಂಡಳಿಯಲ್ಲಿ 30 ಜನ ಒಂದು ಕಡೆ, ಫಾದರ್ ಒಬ್ಬರೇ ಇನ್ನೊಂದು ಕಡೆ ಇದ್ದರೂ, ಕಾನೂನಿನ ಪ್ರಕಾರ ಫಾದರ್ ಒಪ್ಪದೆ ತೀರ್ಮಾನ ಇಲ್ಲ. ಫಾದರ್‌ರನ್ನು ಬಿಟ್ಟು ಸದಸ್ಯರೇ ಸಭೆ ಮಾಡಿ ನಿರ್ಣಯ ಬರೆದರೂ ಅದು ಊರ್ಜಿತವಲ್ಲ. ವ್ಯಾಟಿಕನ್ 1997ರಲ್ಲಿ ಅದನ್ನು ಸ್ಪಷ್ಟವಾಗಿಯೇ ಹೇಳಿದೆ.

ಹಾಗೆಂದು ಸಲಹೆಗೆ ಬೆಲೆ ಇಲ್ಲವಾ? ಮದುವೆ ಮನೆಯ ಲೆಕ್ಕದಲ್ಲಿ ನೋಡಿ. ಛತ್ರಕ್ಕೆ ದುಡ್ಡು ಕೊಡುವವರು ಹುಡುಗಿಯ ಅಪ್ಪ. ಯಾರನ್ನೂ ಕೇಳದೆ ಬುಕ್ ಮಾಡುವ ಅಧಿಕಾರ ಅವರಿಗಿದೆ. ಆದರೆ ದೊಡ್ಡಪ್ಪ, ಮಾವ, ಅತ್ತೆ ಯಾರನ್ನೂ ಕೇಳದೆ ಮಾಡಿದರೆ, ಮದುವೆ ದಿನ ಪಂಕ್ತಿಯಲ್ಲಿ ಬಡಿಸಲು ಯಾರು ಬರುತ್ತಾರೆ? ಧರ್ಮಕೇಂದ್ರದಲ್ಲೂ ಅಷ್ಟೇ. ನಿರ್ಧಾರ ಫಾದರ್‌ದು, ಅದನ್ನು ನಡೆಸಿಕೊಡುವವರು ಇದೇ 30 ಜನ. ಈ ಸರಳ ಸತ್ಯ ಯಾವ ಕಲಂನಲ್ಲೂ ಬರೆದಿಲ್ಲ, ಆದರೆ ಯಾವ ಕಲಂಗಿಂತಲೂ ಜೋರಾಗಿ ಕೆಲಸ ಮಾಡುತ್ತದೆ.

ಕಾನೂನಿನಲ್ಲೂ ಒಂದು ಹಿಡಿತ ಇದೆ. ಯಾರ ಸಲಹೆ ಕೇಳಲೇಬೇಕು ಎಂದು ನಿಯಮ ಇದೆಯೋ, ಅಂಥ ಕಡೆ ಸುಮ್ನೆ ಕೇಳಿದ ಶಾಸ್ತ್ರ ಮಾಡಿದರೆ ಸಾಲದು. ಸಲಹೆಯನ್ನು ಒಪ್ಪಲೇಬೇಕೆಂದಿಲ್ಲ. ಆದರೆ ಎಲ್ಲರೂ ಒಂದೇ ದನಿಯಲ್ಲಿ ಹೇಳಿದಾಗ, ಅದಕ್ಕಿಂತ ತೂಕದ ಕಾರಣ ಇಲ್ಲದೆ ಅದನ್ನು ಮೀರಿ ನಡೆಯಬಾರದು ಎಂದು 127ನೇ ಕಲಂ ಹೇಳುತ್ತದೆ.

ಒಂದು ಕಲ್ಪನೆಯ ಉದಾಹರಣೆ. ಫಾದರ್‌ಗೆ ಹೊಸ ಸಭಾಭವನ ಕಟ್ಟುವ ಆಸೆ. ಜುಲೈ ಮಳೆಗೆ ಸ್ಮಶಾನದ ಕೆಂಪುಕಲ್ಲಿನ ಗೋಡೆ ಕುಸಿದಿದೆ. ಮೊದಲು ಗೋಡೆ ಎತ್ತೋಣ, ಮತ್ತೆ ಸಭಾಭವನ ಎನ್ನುತ್ತದೆ ಮಂಡಳಿ. ಕಾರ್ಯದರ್ಶಿ ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಯುತ್ತಾರೆ. ಸಭಾಭವನ ದೊಡ್ಡ ಖರ್ಚು, ಬಿಷಪ್‌ರ ಲಿಖಿತ ಅನುಮತಿ ಬೇಕು. ಅನುಮತಿ ಕೇಳಿದಾಗ ಊರಿನವರು ಏನನ್ನುತ್ತಾರೆ ಎಂಬ ಪ್ರಶ್ನೆ ಮೇಲಿಂದ ಬಂದೇ ಬರುತ್ತದೆ, ಅಲ್ವಾ? ಆಗ ಆ ಪುಸ್ತಕದ ಪುಟ ಮಾತಾಡುತ್ತದೆ. ಮಂಡಳಿಗೆ ತಡೆಯುವ ಅಧಿಕಾರ ಇಲ್ಲ, ಆದರೆ ಬರೆದಿಟ್ಟ ಮಾತಿಗೆ ಕಾಲಿದೆ.

ದುಡ್ಡಿಗೆ ಬೇರೆ ಮಂಡಳಿ

ಇದು ಹಲವು ಕಥೋಲಿಕರಿಗೇ ಸರಿಯಾಗಿ ಗೊತ್ತಿಲ್ಲ. ಪಾಲನಾ ಮಂಡಳಿ ಬಿಷಪ್‌ರ ಇಚ್ಛೆಗೆ ಬಿಟ್ಟದ್ದು. ಹಣಕಾಸು ಸಮಿತಿ ಹಾಗಲ್ಲ. ಪ್ರತಿ ಧರ್ಮಕೇಂದ್ರದಲ್ಲೂ ಅದು ಇರಲೇಬೇಕು ಎನ್ನುತ್ತದೆ 537ನೇ ಕಲಂ. ಅಂದರೆ 1983ರ ಕಾನೂನು ಮಾತಿನ ಮಂಡಳಿಗೆ ಸಡಿಲ ಕೊಟ್ಟು, ದುಡ್ಡಿನ ಸಮಿತಿಗೆ ಬಿಗಿ ಹಾಕಿತು.

ಭಾನುವಾರದ ಕಾಣಿಕೆ, ಕುಟುಂಬದ ವಂತಿಗೆ, ಹಬ್ಬದ ದೇಣಿಗೆ, ಬಾಡಿಗೆ, ಇವುಗಳ ಲೆಕ್ಕ ನೋಡಿಕೊಳ್ಳಲು ಫಾದರ್‌ಗೆ ನೆರವಾಗುವುದು ಈ ಸಮಿತಿಯ ಕೆಲಸ. ಲೆಕ್ಕಪತ್ರ ಗೊತ್ತಿದ್ದವರನ್ನು ಇದಕ್ಕೆ ಹುಡುಕುತ್ತಾರೆ, ನಿವೃತ್ತ ಬ್ಯಾಂಕ್ ಮ್ಯಾನೇಜರ್ ಸಿಕ್ಕಿದರೆ ಬಿಡುವುದಿಲ್ಲ. ಸಹಿ ಮಾಡುವವರು ಇಲ್ಲೂ ಫಾದರೇ. ಆದರೆ ವಿಶ್ವಾಸಿಗಳು ಕೊಟ್ಟ ದುಡ್ಡಿನ ಲೆಕ್ಕವನ್ನು ವಿಶ್ವಾಸಿಗಳಿಗೆ ಒಪ್ಪಿಸಬೇಕು ಎಂದು 1287ನೇ ಕಲಂ ಹೇಳುತ್ತದೆ. ವರ್ಷದ ಲೆಕ್ಕ ಧರ್ಮಪ್ರಾಂತ್ಯಕ್ಕೂ ಹೋಗಬೇಕು. ಆದ್ದರಿಂದ ಚರ್ಚ್‌ನ ಲೆಕ್ಕ ಕೇಳಿದರೆ ಅದು ಫಾದರ್ ಮೇಲಿನ ಅನುಮಾನ ಅಲ್ಲ. ಕೇಳುವ ಹಕ್ಕನ್ನು ಕಾನೂನೇ ಕೊಟ್ಟಿದೆ.

ಕೊನೆಯ ಮಾತು ಫಾದರ್‌ಗೇ ಯಾಕೆ?

ಧರ್ಮಸಭೆ ಕೊಡುವ ಉತ್ತರ ಇದು: ಧರ್ಮಕೇಂದ್ರವನ್ನು ಬಿಷಪ್ ಒಬ್ಬ ವ್ಯಕ್ತಿಯ ಕೈಗೆ ಒಪ್ಪಿಸುತ್ತಾರೆ, ಜವಾಬ್ದಾರಿ ಹೊತ್ತವರಿಗೆ ತೀರ್ಮಾನವೂ ಸೇರಿದ್ದು. ಇದರ ಹಿಂದೆ ಸುಟ್ಟ ಕೈಯ ನೆನಪೂ ಇದೆ. 19ನೇ ಶತಮಾನದ ಅಮೆರಿಕದಲ್ಲಿ ಚರ್ಚ್‌ಗಳ ಆಸ್ತಿ ಅಲ್ಲಿನ ನಾಗರಿಕ ಕಾನೂನಿನ ಪ್ರಕಾರ ಶ್ರೀಸಾಮಾನ್ಯ ಟ್ರಸ್ಟಿಗಳ ಹೆಸರಿನಲ್ಲಿ ಇರುತ್ತಿತ್ತು. 1820ರ ದಶಕದಲ್ಲಿ ಫಿಲಡೆಲ್ಫಿಯಾದ ಸೇಂಟ್ ಮೇರೀಸ್ ಚರ್ಚ್‌ನಲ್ಲಿ ಬಿಷಪ್ ಹೆನ್ರಿ ಕಾನ್ವೆಲ್ ಅವರು ವಿಲಿಯಂ ಹೋಗನ್ ಎಂಬ ಗುರುವನ್ನು ಅಮಾನತು ಮಾಡಿದರು. ಟ್ರಸ್ಟಿಗಳು ಹೋಗನ್ ಪರ ನಿಂತರು. ಬಿಷಪ್‌ಗೇ ಆ ಚರ್ಚ್ ಕೈತಪ್ಪಿತು. 1822ರಲ್ಲಿ ಟ್ರಸ್ಟಿಗಳ ಚುನಾವಣೆಯ ದಿನ ಬೀದಿಯಲ್ಲಿ ಹೊಡೆದಾಟವೇ ಆಯಿತು. ಇಂಥ ಜಗಳಗಳ ನಂತರ ರೋಮ್ ಟ್ರಸ್ಟಿ ಪದ್ಧತಿಯನ್ನು ಅನುಮಾನದಿಂದ ನೋಡಿತು.

ಆದರೆ ಇದಕ್ಕೆ ಎದುರಾದ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಪಳ್ಳಿಯೋಗಂ ಎಂಬ ಕೂಟ ಪೋರ್ಚುಗೀಸರು ಬರುವ ಮೊದಲೇ ಇತ್ತು. ಮನೆಗಳ ಹಿರಿಯರು ಗುರುಗಳ ಜೊತೆ ಕೂತು ಚರ್ಚ್‌ನ ಆಸ್ತಿ, ಆಡಳಿತ, ಶಿಸ್ತು ಎಲ್ಲ ನೋಡುತ್ತಿದ್ದರು. ಪೋಪ್‌ರನ್ನು ಒಪ್ಪುವ, ಆದರೆ ತನ್ನದೇ ಪೂಜಾಕ್ರಮ ಇರುವ ಸಿರೋ ಮಲಬಾರ್ ಕಥೋಲಿಕ ಸಭೆಯಲ್ಲಿ ಅದರ ಮುಂದುವರಿಕೆಯಾಗಿ ಇವತ್ತಿಗೂ ಪೊದುಯೋಗಂ, ಪ್ರತಿನಿಧಿಯೋಗಂ ಎಂಬ ಎರಡು ಹಂತದ ಸಭೆಗಳಿವೆ, ಆಸ್ತಿ ನೋಡಿಕೊಳ್ಳಲು ಕೈಕ್ಕಾರರು ಇದ್ದಾರೆ. ಆ ಸಭೆಗೆ ಅನ್ವಯಿಸುವುದು ಪೌರಸ್ತ್ಯ (ಪೂರ್ವ ದೇಶಗಳ) ಕಥೋಲಿಕ ಸಭೆಗಳ ಪ್ರತ್ಯೇಕ ಸಂಹಿತೆ. ಬೆಳ್ತಂಗಡಿ ಮತ್ತು ಮಂಡ್ಯದಲ್ಲಿ ಸಿರೋ ಮಲಬಾರ್ ಧರ್ಮಪ್ರಾಂತ್ಯಗಳಿವೆ. ಹಾಗಾಗಿ ಬೆಳ್ತಂಗಡಿ ತಾಲೂಕಿನ ಒಂದೇ ರಸ್ತೆಯಲ್ಲಿ ಎರಡು ಕಥೋಲಿಕ ಚರ್ಚ್, ಎರಡು ಬಗೆಯ ಮಂಡಳಿ ಕಂಡರೆ ಆಶ್ಚರ್ಯ ಇಲ್ಲ.

2024ರಲ್ಲಿ ಏನು ಹೇಳಿದರು?

ಪೋಪ್ ಫ್ರಾನ್ಸಿಸ್ 2021ರಲ್ಲಿ ಒಂದು ದೊಡ್ಡ ಸಮಾಲೋಚನೆ ಶುರು ಮಾಡಿದರು. ಜಗತ್ತಿನ ಧರ್ಮಪ್ರಾಂತ್ಯಗಳಲ್ಲಿ ಜನರನ್ನು ಕೂರಿಸಿ ಕೇಳುವುದು, ಆಮೇಲೆ 2023 ಮತ್ತು 2024ರಲ್ಲಿ ರೋಮ್‌ನಲ್ಲಿ ಸಿನೊಡ್. ಆ ಸಿನೊಡ್‌ನಲ್ಲಿ ಬಿಷಪ್‌ಗಳ ಜೊತೆ ಶ್ರೀಸಾಮಾನ್ಯ ಗಂಡಸರು, ಹೆಂಗಸರಿಗೂ ಮತ ಇತ್ತು. 2024ರ ಅಕ್ಟೋಬರ್ 26ರಂದು ಅಂತಿಮ ದಾಖಲೆ ಬಂತು.

ಅದರಲ್ಲಿ ನಮ್ಮ ವಿಷಯಕ್ಕೆ ಬೇಕಾದ ಮೂರು ಅಂಶಗಳಿವೆ. ಮೊದಲನೆಯದು, ಪಾಲನಾ ಮಂಡಳಿಯಂಥ ವೇದಿಕೆಗಳು ಕಡ್ಡಾಯ ಆಗಬೇಕು, ಹೆಸರಿಗೆ ಮಾತ್ರ ಇರಬಾರದು. ಎರಡನೆಯದು, ಸದಸ್ಯರು ಚರ್ಚ್‌ನ ಒಳಗಿನ ಕೆಲಸಕ್ಕೆ ಓಡಾಡುವವರು ಮಾತ್ರ ಆಗಿರಬಾರದು. ಹೆಂಗಸರು, ಯುವಜನ, ಬಡವರು ಜಾಸ್ತಿ ಬರಬೇಕು. ನನ್ನ ಕಣ್ಣಿಗೆ ಮುಖ್ಯವಾಗಿ ಕಂಡದ್ದು ಮೂರನೆಯದು: ಕಾನೂನಿನಲ್ಲಿ ಮತ್ತೆ ಮತ್ತೆ ಬರುವ 'ಸಲಹೆ ಮಾತ್ರ' ಎಂಬ ಪದಗುಚ್ಛವನ್ನೇ ಮರುಪರಿಶೀಲಿಸಬೇಕು ಎಂದು ದಾಖಲೆ ಕೇಳಿದೆ. ಫಾದರ್‌ನ ಅಥವಾ ಬಿಷಪ್‌ನ ಅಧಿಕಾರ ತೆಗೆಯಿರಿ ಎಂದಲ್ಲ. ಎಲ್ಲರೂ ಕೂಡಿ ತಲುಪಿದ ಮಾತನ್ನು ಅಧಿಕಾರದಲ್ಲಿದ್ದವರು ಕಿವಿಗೆ ಹಾಕಿಕೊಳ್ಳದೆ ಹೋಗುವ ಹಾಗಿಲ್ಲ ಎನ್ನುವುದು ಅದರ ಧಾಟಿ.

ಪೋಪ್ ಫ್ರಾನ್ಸಿಸ್ ಆ ದಾಖಲೆಯನ್ನು ಒಪ್ಪಿ ಹೊರಡಿಸಿದರು. 2025ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು. ಮೇನಲ್ಲಿ ಪೋಪ್ 14ನೇ ಲಿಯೋ ಬಂದರು. ದಾಖಲೆಯ ಮಾತನ್ನು ಊರೂರಿನಲ್ಲಿ ಜಾರಿ ಮಾಡಿ ನೋಡುವ ಹಂತ ಈಗಿನದು. ಅದರ ಕೊನೆಗೆ 2028ರ ಅಕ್ಟೋಬರ್‌ನಲ್ಲಿ ವ್ಯಾಟಿಕನ್‌ನಲ್ಲಿ ಒಂದು ದೊಡ್ಡ ಸಭೆ ಗೊತ್ತಾಗಿದೆ. ಸಂಹಿತೆಯ ಕಲಂ ತಿದ್ದುಪಡಿ ಆಗುವ ತನಕ 536 ಇದ್ದ ಹಾಗೇ ಇರುತ್ತದೆ. ಆದರೆ ಆಯಾ ಧರ್ಮಪ್ರಾಂತ್ಯದ ನಿಯಮ ಬದಲಾಯಿಸಲು ಬಿಷಪ್ ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಮಂಡಳಿಯ ಸದಸ್ಯರಲ್ಲದವರಿಗೂ ಒಂದು ದಾರಿ ಈಗಾಗಲೇ ತೆರೆದಿದೆ. ತಮ್ಮ ಅಗತ್ಯ, ಅಭಿಪ್ರಾಯಗಳನ್ನು ಧರ್ಮಗುರುಗಳಿಗೆ ತಿಳಿಸುವ ಹಕ್ಕು ಪ್ರತಿ ವಿಶ್ವಾಸಿಗೂ ಇದೆ ಎಂದು 212ನೇ ಕಲಂ ಹೇಳುತ್ತದೆ. ಗೋಡೆ ಕುಸಿದಿದ್ದರೆ ಮುಂದಿನ ಸಭೆಗೆ ಮೊದಲು ಗುರಿಕಾರರಿಗೆ ಒಂದು ಫೋನ್ ಹಾಕಬಹುದು.